ಬಿಗಿ ಮಾಡುದು ಅಷ್ಟೆ

ಗುತ್ತಿಗಾರು,
ತಾ. 11-2-1987

ವಾರಿಜಳ ಅಪ್ಪನವರಿಗೆ ಸೀತು ಮಾಡುವ ನಮಸ್ಕಾರಗಳು.

ಸೊಂಟದ ನೋವು ಹೇಗಿದೆ? ಗುಳಿಗೆ ತೆಗೆದುಕೊಂಡರೆ ನಿದ್ದೆ ಬರುತ್ತದೆಯೇ? ಸುಂದರಿ ಅತ್ತಿಗೆ ಜೊತೆಗಿರುವಾಗ ಊಟದ ವಿಷಯ ನಾನು ಕೇಳುವುದಿಲ್ಲ; ನಿಮ್ಮ ಅಕ್ಕನ ಕೈಯ ಹುರುಳಿ ಸಾರು ನಿಮಗೆ ಯಾವಾಗಲೂ ರುಚಿಯೇ. ನಾವು ಕ್ಷೇಮ. ವಾರಿಜ ಪರೀಕ್ಷೆಗೆ ಓದುತ್ತಿದ್ದಾಳೆ.

ನಿನ್ನೆ ಅತ್ತಿಗೆಯ ಮಗ ಸರ್ವೋತ್ತಮ ಮಂಗಳೂರಿನಿಂದ ಬಂದ. ಆಸ್ಪತ್ರೆಗೆ ಹೊರಡುವಾಗ ನೀವು ನನಗೆ ಹೇಳಿದ್ದೇನು? "ಎಂತ ಇಲ್ಲ ಮಾರಾಯ್ತಿ, ಸ್ವಲ್ಪ ಲೂಸ್ ಆಗಿದೆ, ಬಿಗಿ ಮಾಡುದು ಅಷ್ಟೆ." ಅವನು ಚಾ ಕುಡಿಯುತ್ತಾ ಬೇರೆಯೇ ಹೇಳಿದ. ಹತ್ತು ವರ್ಷದ ಹಿಂದೆ ಜೀಪು ಮಗುಚಿದಾಗ ಸೊಂಟಕ್ಕೆ ಹಾಕಿದ ಉಕ್ಕಿನ ಕೀಲನ್ನು ಪೂರ್ತಿ ತೆಗೆಯುತ್ತಾರಂತೆ. ತೊಡೆಯೆಲುಬಿನೊಳಗೆ ಇಳಿದ ಅದರ ಕಡ್ಡಿಯನ್ನು, ಪಿಕ್ಕಾಸಿನಿಂದ ಮರದ ಕಾವು ಕಳಚಿದ ಹಾಗೆ, ಬಡಿದು ಬಡಿದು ಹೊರಗೆ ತರಬೇಕಂತೆ. ಒಳಗೆ ಹಿಡಿದುಕೊಂಡ ಸಿಮೆಂಟನ್ನು ಸಣ್ಣ ಉಳಿಯಿಂದ ಚೂರು ಚೂರೇ ಕೆತ್ತಬೇಕು. ಅದಕ್ಕೂ ಬಾರದಿದ್ದರೆ ಎಲುಬಿಗೇ ಕಿಟಕಿ ಕೊರೆದು, ಆಮೇಲೆ ತಂತಿ ಸುತ್ತುವುದು. ಎಲುಬು ಒಡೆದರೂ ಒಡೆಯಬಹುದಂತೆ. ಅಯ್ಯೋ ದೇವರೇ! ಇದಕ್ಕೆ ಬಿಗಿ ಮಾಡುವುದು ಎನ್ನುತ್ತಾರೆಯೇ?

ಇದೆಲ್ಲ ಅತ್ತಿಗೆಗೆ ಗೊತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅವರಿಗೇ ವಿವರಿಸಿದರಂತೆ. ನೀವು ಹೆದರಿ ಅತ್ತದ್ದೂ ಅವರ ಎದುರೇ ಅಂತೆ. ಹೊಟ್ಟೆಕಿಚ್ಚು ಎನ್ನುತ್ತೀರಾದರೆ ಎನ್ನಿ. ಹೌದು, ನನ್ನ ಹೊಟ್ಟೆ ಉರಿಯುತ್ತದೆ. ಕಳೆದ ಸಲ ಮೂವತ್ತೆಂಟು ದಿನ ಮಂಚದ ಬುಡದಲ್ಲಿ ಮಲಗಿ ನಿಮ್ಮ ಬೆಡ್‌ಪ್ಯಾನ್ ತೊಳೆದವಳು ನಾನು. ಆಗ ಅತ್ತಿಗೆ ಒಂದೇ ದಿನ ಮೂಸಂಬಿ ಹಿಡಿದು ಬಂದು, ಮೂಗಿಗೆ ಸೆರಗು ಮುಚ್ಚಿಕೊಂಡು ಹೋದವರು. ಆ ಮೂವತ್ತೆಂಟು ದಿನದಲ್ಲಿ ನೀವು ನನ್ನೆದುರು ಒಮ್ಮೆಯೂ ಅಳಲಿಲ್ಲ. ಹೇಳಿದರೆ ಇವಳು ಹೆದರುತ್ತಾಳೆ ಎಂದುಕೊಂಡಿರೇ? ಗಂಡನಿಗಾಗಿ ಹೆದರುವ ಹಕ್ಕಾದರೂ ನನಗಿಲ್ಲವೇ?

ಅತ್ತಿಗೆ ದೊಡ್ಡವರು, ನಮಸ್ಕಾರ ತಿಳಿಸಿ. ಮರೆತರೂ ಅಡ್ಡಿಯಿಲ್ಲ. ಸುಬ್ರಹ್ಮಣ್ಯ ದೇವರು ನಿಮ್ಮ ಕಾಲನ್ನು ಕಾಯಲಿ.

ಇತಿ ನಿಮ್ಮ,
ಸೀತು

ತಾ.ಕ.: ಈ ಪತ್ರ ಒಯ್ಯಬೇಕಾದ ಸರ್ವೋತ್ತಮ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ. ಆಪರೇಷನ್ನಿಗೆ ಹೆಂಡತಿಯ ಸಹಿ ಬೇಕೆಂದು ಆಸ್ಪತ್ರೆಯವರು ಅವನ ಕೈಯಲ್ಲಿ ಕಾಗದ ಕಳಿಸಿದ್ದರಲ್ಲ, ಅದಕ್ಕೆ ಸಹಿ ಹಾಕಿದ್ದೇನೆ. ಆದರೆ ಅವನಿಗೆ ಕೊಟ್ಟಿಲ್ಲ, ನನ್ನ ಚೀಲದಲ್ಲಿದೆ. ವಾರಿಜಳನ್ನು ಅಮ್ಮನ ಮನೆಯಲ್ಲಿ ಬಿಟ್ಟು ನಾಳೆ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ಅತ್ತಿಗೆಗೆ ಊರಿಗೆ ಹೊರಡಲು ಹೇಳಿ. ಅಳು ಇನ್ನೂ ಬಾಕಿ ಇದ್ದರೆ ನಾನು ಬರುವವರೆಗೆ ತಡೆದುಕೊಳ್ಳಿ.