ಡೆಂಪ್ಸಿಯ ಕಡೆಯವನು

ಸದಾಶಿವ ಪೇಠ, ಪುಣೆ
ಜುಲೈ, ೧೯೩೯

ವೈನಿಯವರಿಗೆ ಮಲಕಪ್ಪನ ಶರಣುಗಳು.

ಅಣ್ಣ ತೀರಿಕೊಂಡ ಮೇಲೂ ಖಾನಾವಳಿಯಲ್ಲಿ ಬಾಕ್ಸಿಂಗ್ ವಾದ ನಿಂತಿಲ್ಲ. ಅಮೆರಿಕದ ಈಗಿನ ಚಾಂಪಿಯನ್ ಜೋ ಲೂಯಿಗೆ ಹಿಂದಿನ ಚಾಂಪಿಯನ್ ಡೆಂಪ್ಸಿ ಎದುರಾದರೆ ಯಾರು ಗೆಲ್ಲುತ್ತಾರೆಂದು ಅಣ್ಣನೂ ನಾನೂ ಎದುರುಬದುರು ಮಣೆ ಹಾಕಿಕೊಂಡು ದಿನಾ ಜಗಳಾಡುತ್ತಿದ್ದೆವು. ಅಣ್ಣ ಡೆಂಪ್ಸಿಯ ಕಡೆ, ನಾನು ಲೂಯಿಯ ಕಡೆ.

ನಿನ್ನೆ ಊಟಕ್ಕೆ ಕೂತಾಗ, ದಿನಾ ನಮ್ಮ ಪಂಕ್ತಿಯಲ್ಲೇ ಉಣ್ಣುವ ಹೊಳಬಸಪ್ಪ, "ಲೂಯಿ ಮುಂದ ಡೆಂಪ್ಸಿ ನಿಲ್ಲೂದಿಲ್ಲ ಬಿಡ್ರಿ," ಅಂದ. ಎಲ್ಲರೂ ಹೌದೆಂದರು. ಅಣ್ಣನ ಪರ ಮಾತಾಡುವವರು ಒಬ್ಬರೂ ಇರಲಿಲ್ಲ.

"ಯಾಕ ನಿಲ್ಲೂದಿಲ್ಲ? ಡೆಂಪ್ಸಿ ಎರಡನೇ ಸುತ್ತಿನಾಗ ಲೂಯಿನ್ನ ಕೆಡವತಾನ," ಅಂದುಬಿಟ್ಟೆ.

"ಹೆಂಗ ಕೆಡವತಾನ, ಹೇಳ್ರಿ," ಎಂದು ಕೇಳಿದರು. ಜಗಳದ ಭರದಲ್ಲಿ ಅಣ್ಣನ ಕಾರಣ ಒಂದನ್ನೂ ನಾನು ಪೂರ್ತಿ ಕೇಳಿಸಿಕೊಂಡಿರಲಿಲ್ಲ; ಆಮೇಲೆ ಹೇಳುತ್ತೇನೆಂದು ಎದ್ದುಬಂದೆ.

ಅಣ್ಣ ಊರಿಗೆ ಬಂದಾಗ ನಿಮ್ಮೆದುರು ಏನು ಕಾರಣ ಹೇಳುತ್ತಿದ್ದ, ದಯಮಾಡಿ ಯಾರಿಂದಲಾದರೂ ಬರೆಸಿ ಕಳಿಸಿರಿ. ಈಗ ಅವನ ಮಣೆಯ ಮೇಲೆ ನಾನೇ ಕೂರುತ್ತೇನೆ. ಎದುರಿನ ನನ್ನ ಮಣೆ ಖಾಲಿ ಇದೆ.

ನಿಮ್ಮ ಮೈದುನ,
ಮಲಕಪ್ಪ