ನೀರು ಬೆರೆತ ಸಾಕೆ

ಗುರುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಒಲೆರಾಯನಿಗೆ,

ನಿನ್ನ ಕೈಯ ಸುಟ್ಟ ಗಾಯ ಒಣಗಿದೆ ಎಂದು ಕುಡಿತ ಬಿಡಿಸುವ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಬೆರಳು ಮಡಚಲು ಬರುತ್ತದಂತೆ. ಭಾನುವಾರ ಮನೆಗೆ ಕಳಿಸುತ್ತಾರಂತೆ. ಹೊದಿಕೆ ಒಗೆದು ಹಾಕಿದ್ದೇನೆ. ಫ್ರಿಜ್ಜಿನಲ್ಲಿ ಹಾಲು, ಮೊಟ್ಟೆ, ಸೊಪ್ಪು ಬಿಟ್ಟರೆ ಏನೂ ಇಲ್ಲ.

ಹೋಟೆಲಿನಲ್ಲಿ ನಿನ್ನ ಬದಲು ಒಲೆಗೆ ಬಂದ ಅಡುಗೆಯವರು ಒಳ್ಳೆಯವರೇ, ಆದರೆ ಉಪ್ಪಿನಲ್ಲಿ ಕೈ ಜೋರು. ಮೊನ್ನೆ ಅವರ ಸುಟ್ಟ ಮೀನಿನ ಜೊತೆಗೆ ಹೂವಿನ ಪರಿಮಳದ ತಣ್ಣನೆಯ ಸಾಕೆ ಲೋಟಕ್ಕೆ ಸುರಿದೆ. ಉಪ್ಪಿನ ಮುಂದೆ ಅದು ಉಸಿರೇ ಎತ್ತಲಿಲ್ಲ. ಸಿಹಿಯಿಲ್ಲದ ಖಡಕ್ಕಾದ ಒಂದನ್ನು ಬೆಚ್ಚಗೆ ಮಾಡಿದಾಗ ಮೀನಿನ ಕೊಬ್ಬು ನಾಲಿಗೆಯ ಮೇಲೆ ಕರಗಿತು. ಹೇಳೋಣವೆಂದು ಅಡುಗೆಮನೆಯ ಕಿಂಡಿಯತ್ತ ತಿರುಗಿದೆ. ನೀನಿರಲಿಲ್ಲ.

ಅಕ್ಕಿ ಹುದುಗಿಸಿ ಮಾಡುವ ಈ ಜಪಾನೀ ಮದ್ಯವನ್ನು ನಿನಗೆ ಮೊದಲು ರುಚಿ ತೋರಿಸಿದವಳು ನಾನೇ. ‘ಹೆಸರಲ್ಲೇ ಕೇಳ್ತಿದೆ ನೋಡು, ಸಾಕೆ ಅಂತ. ಸಾಕಾಗಲ್ಲ ಅನ್ನೋದೇ ಮರ್ಯಾದೆ’ ಎಂದು ನಗಿಸಿದ್ದೆ ನೀನು. ಆ ಮಾತಿಗೇ ಮರುಳಾಗಿ ನಿನ್ನನ್ನು ಕಟ್ಟಿಕೊಂಡೆನೆಂದು ನಿನ್ನ ಅಕ್ಕ ಈಗಲೂ ಆಡಿಕೊಳ್ಳುತ್ತಾರೆ.

ರಜೆಯ ಮಧ್ಯಾಹ್ನಗಳಲ್ಲಿ ಅರ್ಧ ಉಳಿದ ಬಾಟಲಿಗಳನ್ನು ಮನೆಗೆ ತಂದವಳೂ ನಾನೇ. ನೀನು ಅಣಬೆಯನ್ನು ಬೆಣ್ಣೆಯಲ್ಲಿ ಹುರಿಯುತ್ತಿದ್ದೆ, ಕುಂಬಳಕಾಯಿ ಸುಡುತ್ತಿದ್ದೆ. ಯಾವುದಕ್ಕೆ ಯಾವುದು ಒಗ್ಗುತ್ತದೆಂದು ನಾನು ಬರೆದುಕೊಳ್ಳುತ್ತಿದ್ದೆ. ಹೋಟೆಲಿನ ಊಟಕ್ಕೆ ಒಗ್ಗುವ ಸಾಕೆ ಆರಿಸಲು ರುಚಿ ನೋಡಿ ಉಗಿಯುವುದು ನನ್ನ ಕಸುಬು. ನಿನಗೆ ಉಗಿಯಲು ಮನಸ್ಸೇ ಬರುತ್ತಿರಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ನೀನು ಕುಡಿಯುವುದು ಯಾವಾಗ ಗೊತ್ತಾಯಿತೆಂದು ಡಾಕ್ಟರಮ್ಮ ಕೇಳಿದ್ದರು. ಅಮಲಿನಲ್ಲಿ ಎಣ್ಣೆಯ ಬಾಣಲೆ ಕೈಮೇಲೆ ಬೀಳಿಸಿಕೊಂಡ ದಿನ ಎಂದೆ. ಅದು ಸುಳ್ಳು. ಅದಕ್ಕೂ ಏಳು ತಿಂಗಳ ಹಿಂದೆ ಮನೆಯ ಬಾಟಲಿಯಿಂದ ಒಂದು ಗುಟುಕು ಬಾಯಿಗಿಟ್ಟಾಗಲೇ ತಿಳಿದಿತ್ತು: ನೀನು ಕುಡಿದಷ್ಟಕ್ಕೆ ನಲ್ಲಿ ನೀರು. ಸಾಕೆಗೆ ಅಕ್ಕಿಯ ಹೊರಪದರ ಎಷ್ಟು ತೀಡಿ ತೆಗೆದಿದ್ದಾರೆಂದು ಹೇಳಬಲ್ಲ ನಾಲಿಗೆಗೆ ನೀರು ತಿಳಿಯದೇ? ನೀನು ತಟ್ಟೆ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದೆ. ಹೇಗಿದೆ ಎಂದು ನೀನು ಕೇಳಿದೆ. ಮೃದುವಾಗಿದೆ ಎಂದು ನಾನು ಹೇಳಿದೆ. ರುಚಿ ಬರೆದಿಡುವ ಪುಸ್ತಕದಲ್ಲೂ ಹಾಗೇ ಬರೆದೆ. ಮೃದು ಎಂಬ ಮಾತು ಅದರಲ್ಲಿ ಹದಿನಾರು ಸಲ ಇದೆ, ನಿನ್ನೆ ಕೂತು ಎಣಿಸಿದೆ.

ಬೈದರೆ ಹೊರಗೆ ಹೋಗಿ ಕುಡಿಯುತ್ತೀಯ, ಸುಮ್ಮನಿದ್ದರೆ ಮನೆಯಲ್ಲೇ. ಅತ್ತ ದರಿ, ಇತ್ತ ಪುಲಿ. ಸುಮ್ಮನಿರುವುದು ಸುಲಭವಾಗಿತ್ತು, ಅಷ್ಟೇ.

ಸಾಕೆ ಮುಟ್ಟದ ಬೇರೆ ಕೆಲಸಕ್ಕೆ ಹಾಕಿ ಎಂದು ಹೋಟೆಲಿನ ಯಜಮಾನರನ್ನು ಕೇಳಿದೆ. ‘ನಿಮ್ಮ ನಾಲಿಗೆ ನಂಬ್ಕೊಂಡೇ ಜನ ಬರೋದು ಕಣಮ್ಮ, ಟೇಬಲ್ ಬುಕಿಂಗ್ ಬರ್ಕೊಳ್ಳೋಕೆ ಯಾರು ಬೇಕಾದ್ರೂ ಆಗ್ತಾರೆ’ ಎಂದರು. ಎರಡು ಬೇಕರಿ, ಒಂದು ಚಹಾ ಅಂಗಡಿ ಸುತ್ತಿ ಬಂದೆ. ಈ ವಯಸ್ಸಿನಲ್ಲಿ ಹೊಸ ಕಸುಬಿಗೆ ಯಾರೂ ಕರೆಯುವುದಿಲ್ಲ.

ಕಳೆದ ವಾರ ನಿನ್ನನ್ನು ನೋಡಲು ಅಲ್ಲಿಗೆ ಬಂದು ಪಕ್ಕ ಕೂತಾಗ ನೀನು ಕಣ್ಣು ಮುಚ್ಚಿ ನನ್ನ ಭುಜದ ಹತ್ತಿರ ಉದ್ದಕ್ಕೆ ಉಸಿರೆಳೆದುಕೊಂಡೆ. ಎಷ್ಟು ದಿನದ ಮೇಲೆ ಎಂದು ನನ್ನ ಕಣ್ಣು ತುಂಬಿತು. ಆಗ ನೀನು ಮೆಲ್ಲಗೆ ಕೇಳಿದೆ: ‘ಇವತ್ತು ಸೋಸದೇ ಇರೋದು ತೆಗೆದ್ಯಾ? ಹಾಲಿನ ಹಾಗಿರುತ್ತಲ್ಲ, ಅದು?’ ಹೋಟೆಲಿನಲ್ಲಿ ನಾನು ಅದನ್ನೇ ತೆಗೆದಿದ್ದೆ. ಸ್ನಾನ ಮಾಡಿ, ಸೀರೆ ಬದಲಿಸಿ, ಎರಡು ಸಲ ಬಾಯಿ ಮುಕ್ಕಳಿಸಿ ಬಂದಿದ್ದೆ. ನಿನ್ನ ಕೈ ಕುರ್ಚಿಯ ಅಂಚನ್ನು ಹಿಡಿದಿದ್ದು ಆಮೇಲೆ ಕಂಡಿತು.

ಮಾತ್ರೆ ತಪ್ಪಿಸಬೇಡ. ಭಾನುವಾರ ಬೆಳಗಿನ ಬಸ್ಸಿಗೇ ಹೊರಡು.

ಎಲ್ಲಿದ್ದರೂ ನಿನ್ನವಳೇ,
ಗುಟುಕಮ್ಮ

ತಾ.ಕ.: ಬೀಗದ ಕೈ ನಿನ್ನ ಅಕ್ಕನ ಹತ್ತಿರ ಇದೆ, ಊಟಕ್ಕೂ ಅವರೇ ಬರುತ್ತಾರೆ. ಬೀರುವಿನ ಒಂದು ಬದಿ ಖಾಲಿ ಕಂಡರೆ ಗಾಬರಿಯಾಗಬೇಡ. ಹೋಟೆಲಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ವಿಳಾಸ ಕೇಳಬೇಡಿ ಎಂದು ಅಕ್ಕನಿಗೆ ಹೇಳಿದ್ದೇನೆ. ನೀನೂ ಕೇಳಬೇಡ. ಕೇಳಿದರೆ ಹೇಳಿಬಿಡುತ್ತೇನೆ.