ಅಪ್ಪನ ಪಕ್ಕದಲ್ಲಿ ಅಣ್ಣನ ಚಿತ್ರ

ಅಪ್ಪ,

ಇವತ್ತು ವಿಧಾನಸಭೆಯ ಮೊಗಸಾಲೆಯಲ್ಲಿ ನಿಮ್ಮ ಮತ್ತು ಅಣ್ಣನ ಭಾವಚಿತ್ರಗಳನ್ನು ಅಕ್ಕಪಕ್ಕ ಹಾಕಿದರು. "ಅಪ್ಪನಿಗೆ ತಕ್ಕ ಮಗ" ಅಂದರು ಸಭಾಧ್ಯಕ್ಷರು, ಮುಂದಿನ ಸಾಲಿನಲ್ಲಿ ಕೂತಿದ್ದ ಅಣ್ಣನ ಕಡೆ ನೋಡಿ. ನೀವು ಹೋದಮೇಲೆ ಅಣ್ಣನ ಭಾಷಣಗಳನ್ನೆಲ್ಲ ಬರೆದುಕೊಟ್ಟ ನಿಮ್ಮ ಮಗಳು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಹೊರಗೆ ನಿಮ್ಮ ಹಳೇ ಡ್ರೈವರ್ ಸಿಕ್ಕರು. ಈಗ ಅವರಿಗೆ ಕಣ್ಣು ಕಾಣಿಸುವುದಿಲ್ಲ. "ಚೆನ್ನಾಗಿದ್ದೀರಾ?" ಅಂದೆ. ಬೆಚ್ಚಿಬಿದ್ದರು.

"ಅಮ್ಮಾ, ಥೇಟ್ ಸಾಹೇಬ್ರ ದನಿ! ನಿಮ್ಮಣ್ಣಂಗೆ ಇದು ಬರ್ಲೇ ಇಲ್ಲ ನೋಡಿ."

ಪಕ್ಕದಲ್ಲೇ ಇದ್ದ ಅಣ್ಣನ ಮುಖ ಸಣ್ಣದಾಯಿತು. ನನಗೆ ಹಾಲು ಕುಡಿದಷ್ಟು ಖುಷಿ.

ಮನೆಗೆ ಬಂದು ಮುಂಬಾಗಿಲು ಹಾಕಿ, "ಮಾನ್ಯ ಸಭಾಧ್ಯಕ್ಷರೇ" ಅಂತ ಒಮ್ಮೆ ಗಟ್ಟಿಯಾಗಿ ಅಂದು ನೋಡಿದೆ.

ಒಳಕೋಣೆಯಲ್ಲಿ ಮಲಗಿದ್ದ ಅಮ್ಮ ಗಡಬಡಿಸಿ ಎದ್ದು ಕೂತು, "ಬಂದ್ರಾ?" ಅಂದಳು.